ಇಂಗಿತ ಆಡಿದ ಮಾತು

ಗಲಗಲಿ ಸರ್ ಪಾಠ ಮಾಡುತ್ತಿದ್ದರು. ತುಟಿ ಮಾತ್ರ ಅಲುಗುತ್ತಿರಲಿಲ್ಲ.

ದಿಂಬುಗಳ ಆಸರೆ ಕೊಟ್ಟು ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿದ್ದರು. ಬಲಗೈ ತೊಡೆಯ ಮೇಲೆ ಯಾರದೋ ವಸ್ತುವಿನಂತೆ ಬಿದ್ದಿತ್ತು. ಕೊರಳಿಗೆ ಸುತ್ತಿದ್ದ ಬೂದು ಬಣ್ಣದ ಮೆತ್ತನೆಯ ಪಟ್ಟಿಯಿಂದ ಅವರದೇ ದನಿ, ವಾಕ್ಯದ ಕೊನೆಯನ್ನು ತುಸು ಎಳೆಯುವ ಆ ಹಳೆಯ ದನಿ, ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ ಹೊರಡುತ್ತಿತ್ತು.

"ಲಿಫ್ಟಿನ ಗುಂಡಿಯನ್ನು ಎರಡೆರಡು ಸಲ ಒತ್ತುವವನನ್ನು ನೋಡಿ ನಗಬೇಡಿ. ಮೊದಲ ಸಲ ಒತ್ತಿದ್ದು ತನಗೆ ಗೊತ್ತಾಯಿತು ಎಂದು ಲಿಫ್ಟು ಅವನಿಗೆ ತಿಳಿಸಲಿಲ್ಲ. ತಪ್ಪು ಅದರದು. ಕೇಳಿಸಿಕೊಂಡೆ ಎಂದು ಮನುಷ್ಯನಿಗೆ ತಿಳಿಸುವುದು ಯಂತ್ರ ಕಲಿಯಬೇಕಾದ ಮೊದಲ ಮರ್ಯಾದೆ."

ಧಾರವಾಡದ ಆ ವಿಶ್ವವಿದ್ಯಾಲಯದ ಮಾನವ-ಗಣಕ ಸಂವಹನ ವಿಭಾಗಕ್ಕೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಮನುಷ್ಯ ಯಂತ್ರದ ಜೊತೆ ಹೇಗೆ ವ್ಯವಹರಿಸುತ್ತಾನೆ, ಯಂತ್ರವನ್ನು ಅವನಿಗೆ ಒಗ್ಗುವಂತೆ ಹೇಗೆ ರೂಪಿಸಬೇಕು ಎಂಬುದನ್ನು ಅಲ್ಲಿ ಕಲಿಸುತ್ತಿದ್ದರು. ವಿಭಾಗವನ್ನು ಕಟ್ಟಿದವರೇ ಪ್ರಸನ್ನ ಗಲಗಲಿ. ನಿವೃತ್ತರಾದ ಮೇಲೆ ಪಾರ್ಶ್ವವಾಯು ಬಡಿದು ಅವರ ಬಲಭಾಗವನ್ನೂ ಮಾತನ್ನೂ ಕಸಿದುಕೊಂಡಿತ್ತು. ಮಾತನ್ನು ಮರಳಿ ತಂದುಕೊಟ್ಟವಳು ಅವರ ಶಿಷ್ಯೆ, ಈಗಿನ ವಿಭಾಗದ ಮುಖ್ಯಸ್ಥೆ ಇಂಚರಾ ಮುಳಗುಂದ. ಈ ಶತಮಾನದ ಅರವತ್ತರ ದಶಕದಲ್ಲಿ ಅವಳ ಹೆಸರು ಕೇಳದ ಆಸ್ಪತ್ರೆ ರಾಜ್ಯದಲ್ಲಿ ಇರಲಿಲ್ಲ.

ಇಂಗಿತ ಎಂಬ ಆ ಪಟ್ಟಿ ಮಾಡುತ್ತಿದ್ದ ಕೆಲಸವನ್ನು ಇಂಚರಾ ಮಕ್ಕಳಿಗೂ ತಿಳಿಯುವ ಹಾಗೆ ವಿವರಿಸುತ್ತಿದ್ದಳು. ಮಾತನಾಡಬೇಕು ಎಂದು ಮನಸ್ಸು ಮಾಡಿದಾಗ ಮಿದುಳಿನಿಂದ ಗಂಟಲಿನ ಸ್ನಾಯುಗಳಿಗೆ ಆಜ್ಞೆ ಹೊರಡುತ್ತದೆ. ಪಾರ್ಶ್ವವಾಯು ಆದವರಲ್ಲಿ ಆ ಆಜ್ಞೆ ದಾರಿಯಲ್ಲೇ ಸೊರಗಿ, ನಾಲಿಗೆಯನ್ನು ಎತ್ತಲಾಗದಷ್ಟು ಕ್ಷೀಣವಾಗಿ ಗಂಟಲು ತಲುಪುತ್ತದೆ. ಪಟ್ಟಿಯ ಒಳಮೈಗೆ ಅಂಟಿಸಿದ ಸಂವೇದಕಗಳು ಆ ಕ್ಷೀಣ ಮಿಡಿತವನ್ನು ಹಿಡಿಯುತ್ತವೆ. ಗೋಡೆಯಾಚೆ ಯಾರೋ ಮಾತನಾಡಿದಂತೆ ಅಲ್ಲೊಂದು ಇಲ್ಲೊಂದು ಅಕ್ಷರ ಸಿಗುತ್ತದೆ, ಅಷ್ಟೆ. ಉಳಿದದ್ದನ್ನು 'ಪೂರಕ' ಎಂಬ ಇನ್ನೊಂದು ಭಾಗ ತುಂಬುತ್ತದೆ. ರೋಗಿ ಆರೋಗ್ಯವಾಗಿದ್ದಾಗ ಆಡಿದ, ಬರೆದ ಮಾತುಗಳನ್ನೆಲ್ಲ ಪೂರಕಕ್ಕೆ ಉಣಿಸಿರುತ್ತಾರೆ. ಈ ಮನುಷ್ಯ ಇಂಥಲ್ಲಿ ಏನು ಹೇಳಿಯಾನು ಎಂದು ಅದು ಊಹಿಸಿ, ಅವನದೇ ದನಿಯಲ್ಲಿ ಹೇಳುತ್ತದೆ. ಗಲಗಲಿ ಸರ್ ನಲವತ್ತು ವರ್ಷ ಪಾಠ ಮಾಡಿದವರು, ಭಾಷಣ ಮಾಡಿದವರು. ಅವರ ಪೂರಕದಷ್ಟು ಹೊಟ್ಟೆ ತುಂಬಿದ ಪೂರಕ ಬೇರೊಂದಿರಲಿಲ್ಲ.

ಪಾಠ ಮುಗಿಯಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಪ್ರಶ್ನೆ ಕೇಳಿದಳು. ಅವಳ ಕೊನೆಯ ಪದ ಬಾಯಲ್ಲಿರುವಾಗಲೇ ಪಟ್ಟಿಯಿಂದ ಉತ್ತರ ಬಂದುಬಿಟ್ಟಿತು. ತರಗತಿ ಮೆಚ್ಚಿ ನಕ್ಕಿತು. ಇಂಚರಾಳೂ ನಗಬೇಕೆಂದುಕೊಂಡಳು. ಆದರೆ ಅವಳು ನೋಡುತ್ತಿದ್ದದ್ದು ಸರ್ ಕಣ್ಣುಗಳನ್ನು. ಅವು ಪ್ರಶ್ನೆ ಕೇಳಿದ ಹುಡುಗಿಯ ಮೇಲಿರಲಿಲ್ಲ. ಕಿಟಕಿಯ ಹೊರಗೆ ಎಲ್ಲೋ ನೆಟ್ಟಿದ್ದವು, ಉತ್ತರ ಮುಗಿದ ಮೇಲೂ ಅಲ್ಲೇ ಇದ್ದವು. ದಣಿದಿರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಂಡ ಮೇಲೂ ಆ ಕಿಟಕಿಯ ಕಡೆ ತಿರುಗಿ ನೋಡಿದಳು.

ಮುಂದಿನ ವಾರ ಅವರಿಗೆ ಉಸಿರಾಟದ ತೊಂದರೆಯಾಗಿ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೃದಯದ ಕವಾಟವೊಂದು ಕಿರಿದಾಗಿತ್ತು. ಬದಲಿಸದಿದ್ದರೆ ಹೆಚ್ಚು ದಿನ ಉಳಿಯಲಾರರು, ಬದಲಿಸುವಾಗಲೂ ಅಪಾಯವಿದೆ ಎಂದು ಹೃದಯ ತಜ್ಞ ಡಾಕ್ಟರ್ ಶೀಲವಂತ ಹೇಳಿದರು. ನಿರ್ಧಾರ ರೋಗಿಯದು. ಇಂಗಿತದ ಮೂಲಕ ಆಡಿದ ಮಾತನ್ನು ಆ ವ್ಯಕ್ತಿಯದೇ ಮಾತೆಂದು ಪರಿಗಣಿಸಬೇಕು ಎಂಬ ಕಾನೂನು ಹಿಂದಿನ ವರ್ಷವಷ್ಟೇ ಜಾರಿಗೆ ಬಂದಿತ್ತು. ಅದಕ್ಕಾಗಿ ಬೆಂಗಳೂರಿಗೆ ಓಡಾಡಿ, ಸಮಿತಿಗಳ ಮುಂದೆ ವಾದಿಸಿ, ಅದನ್ನು ಆಗುಮಾಡಿಸಿದವಳೂ ಇಂಚರಾಳೇ.

ಡಾಕ್ಟರು ಮಂಚದ ಪಕ್ಕ ಕೂತು ಎಲ್ಲವನ್ನೂ ವಿವರಿಸಿ, ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯೇ ಎಂದು ಕೇಳಿದರು. ಸರ್ ಹೆಂಡತಿ ಮಾಧುರಿ ಕಾಲ ಬಳಿ ನಿಂತಿದ್ದರು. ಪಟ್ಟಿ ತುಸುವೂ ತಡೆಯದೆ ಮಾತನಾಡಿತು.

"ನಾನು ತುಂಬು ಬಾಳು ಬಾಳಿದ್ದೇನೆ. ಒಂದು ಒಳ್ಳೆಯ ವಾಕ್ಯಕ್ಕೆ ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಿರಬೇಕು. ಇಷ್ಟು ಸಾಕು. ನನ್ನನ್ನು ಮನೆಗೆ ಕಳಿಸಿಕೊಡಿ."

ನರ್ಸು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಮಾಧುರಿಯವರು ಗಂಡನ ಪಾದದ ಮೇಲೆ ಕೈಯಿಟ್ಟು, ಅಳುತ್ತಲೇ, ಯಾವಾಗಲೂ ಹೀಗೇ, ತಮ್ಮದೇ ಒಂದು ಠೀವಿ ಇವರದು ಎಂದರು. ಡಾಕ್ಟರು ತಲೆಬಾಗಿಸಿ ಎದ್ದರು. ಎರಡು ದಿನ ನೋಡಿಕೊಂಡು ಮನೆಗೆ ಕಳಿಸುವುದೆಂದಾಯಿತು.

ಇಂಚರಾ ಹೊರಗೆ ಬಂದು ಕಾರಿಡಾರಿನ ಗೋಡೆಗೆ ಒರಗಿದಳು. ಆ ಮಾತನ್ನು ಅವಳು ಹಿಂದೆ ಕೇಳಿದ್ದಳು. ಒಳ್ಳೆಯ ವಾಕ್ಯಕ್ಕೆ ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಿರಬೇಕು. ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆಯಲ್ಲಿ, ಆಗಿನ್ನೂ ಐವತ್ತರ ಆಸುಪಾಸಿನಲ್ಲಿದ್ದ ಗಲಗಲಿ ಸರ್ ವೇದಿಕೆಯಿಂದ ಹೇಳಿ ಸಭೆಯನ್ನು ಗೆದ್ದ ಮಾತು ಅದು. ಆಗ ಅವರು ದಿನಾ ಬೆಳಿಗ್ಗೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಓಡುತ್ತಿದ್ದರು. ಆ ಭಾಷಣದ ಧ್ವನಿಮುದ್ರಣವನ್ನು ಹುಡುಕಿ ತಂದು ಪೂರಕಕ್ಕೆ ಉಣಿಸಿದ್ದು ತಾನೇ. ಒಬ್ಬ ಮನುಷ್ಯ ತನ್ನ ಹಳೆಯ ಮಾತನ್ನು ಮತ್ತೆ ಆಡಬಾರದೆಂದೇನಿಲ್ಲ. ಆದರೂ ಅವಳು ಕೋಣೆಗೆ ಹಿಂತಿರುಗದೆ ನೇರ ಧಾರವಾಡಕ್ಕೆ ಹೊರಟಳು.

ವಿಭಾಗಕ್ಕೆ ಮರಳಿದವಳೇ ತನ್ನ ಸಂಶೋಧನಾ ವಿದ್ಯಾರ್ಥಿನಿ ಅಫ್ರೀನ್ ನದಾಫಳನ್ನು ಕರೆದು, ಬೆಳಿಗ್ಗೆ ಆ ಉತ್ತರ ಬಂದ ಹೊತ್ತಿನಲ್ಲಿ ಪಟ್ಟಿ ಹಿಡಿದ ಮಿಡಿತಗಳನ್ನು ತೆಗೆದು ತೋರಿಸಲು ಹೇಳಿದಳು. ಪರದೆಯ ಮೇಲೆ ಗೆರೆ ಮೂಡಿತು. ಮೊದಲಿಗೆ ಒಂದು ಸಣ್ಣ ಉಬ್ಬು. ಆಮೇಲೆ ಬರೀ ಸಪಾಟು. ಆ ಇಡೀ ಉತ್ತರ ಒಂದು ಉಬ್ಬಿನ ಮೇಲೆ ಎದ್ದು ನಿಂತಿತ್ತು.

ಪೂರಕದ ಪಾಲು ಹೆಚ್ಚಿರುವುದು ಹೊಸದೇನಲ್ಲ, ಅದಕ್ಕಾಗಿಯೇ ಅದನ್ನು ಮಾಡಿದ್ದು ಎಂದು ಇಂಚರಾ ವಾದಿಸಿದಳು. ವಾದಿಸುತ್ತಿದ್ದದ್ದು ಯಾರ ಜೊತೆ ಎಂದು ಅವಳಿಗೇ ಗೊತ್ತಿರಲಿಲ್ಲ, ಯಾಕೆಂದರೆ ಅಫ್ರೀನ್ ಬಾಯಿ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಫ್ರೀನ್ ಕಪಾಟಿನಿಂದ ಬಿಡಿಪಟ್ಟಿಯೊಂದನ್ನು ತಂದು, ಅದಕ್ಕೆ ಗಲಗಲಿ ಸರ್ ಪೂರಕವನ್ನು ಜೋಡಿಸಿದಳು. ಸುತ್ತ ನೋಡಿ, ಮೇಜಿನ ಮೇಲೆ ಕುಡಿಯುವ ನೀರಿಗೆಂದು ಇಟ್ಟಿದ್ದ ಸ್ಟೀಲಿನ ತಂಬಿಗೆಯ ಕೊರಳಿಗೆ ಅದನ್ನು ಸುತ್ತಿದಳು.

"ನೀವs ಕೇಳ್ರಿ ಮೇಡಂ," ಎಂದಳು.

ಇಂಚರಾ ಕುರ್ಚಿ ಎಳೆದುಕೊಂಡಳು. ತಂಬಿಗೆಯ ಎದುರು ಕೂತು, ಡಾಕ್ಟರು ಕೇಳಿದ್ದನ್ನೇ ಕೇಳಿದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಆ ದನಿ, ವಾಕ್ಯದ ಕೊನೆಯನ್ನು ಎಳೆಯುವ ಆ ಪ್ರೀತಿಯ ದನಿ, ತಂಬಿಗೆಯ ಕೊರಳಿನಿಂದ ಬಂತು.

"ನಾನು ತುಂಬು ಬಾಳು ಬಾಳಿದ್ದೇನೆ. ಇಷ್ಟು ಸಾಕು."

ಗೋಡೆಯೊಳಗಿನ ವಿದ್ಯುತ್ ತಂತಿಯ ಸಣ್ಣ ಸ್ಪಂದನವನ್ನು ಸಂವೇದಕಗಳು ಗಂಟಲಿನ ಮಿಡಿತವೆಂದು ತಿಳಿದಿದ್ದವು. ಮಿಡಿತ ತೀರಾ ಕ್ಷೀಣವಾಗಿದ್ದರೆ ಪಟ್ಟಿ ಸುಮ್ಮನಿರಬೇಕು ಎಂಬ ಮಿತಿ ಮೊದಲಿಗೆ ಇತ್ತು. ನಮ್ಮವರು ಮಾತಿನ ನಡುವೆ ನಿಂತುಬಿಡುತ್ತಾರೆ, ನೋಡಲಾಗುವುದಿಲ್ಲ ಎಂದು ಮನೆಮನೆಗಳಿಂದ ದೂರು ಬಂದಾಗ ತಂಡದವರು ಅದನ್ನು ಸಡಿಲಿಸುತ್ತ, ಸಡಿಲಿಸುತ್ತ ಇಲ್ಲಿಗೆ ತಂದಿದ್ದರು. ಪ್ರತಿ ಸಲ ಸಡಿಲಿಸಿದಾಗಲೂ ಮನೆಯವರ ಸಮಾಧಾನ ಹೆಚ್ಚಿತ್ತು. ಅದನ್ನೇ ಅವರು ಸುಧಾರಣೆ ಎಂದು ಅಳೆದಿದ್ದರು.

ಅಫ್ರೀನ್ ಪಟ್ಟಿಯನ್ನು ಬಿಚ್ಚಿದಳು. ಬಿಚ್ಚುವಾಗಲೂ ಅದು ಏನೋ ಹೇಳಲು ಶುರುಮಾಡಿತ್ತು.

ಇಂಚರಾ ಮರುದಿನ ಬೆಳಿಗ್ಗೆಯೇ ಡಾಕ್ಟರ್ ಶೀಲವಂತರ ಕೋಣೆಯಲ್ಲಿದ್ದಳು. ಎಲ್ಲವನ್ನೂ ಹೇಳಿದಳು. ಅವರು ಅಡ್ಡ ಬಾಯಿ ಹಾಕದೆ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಪ್ಪಿಗೆ ಇಲ್ಲದೆ ತಾವು ಚಾಕು ಹಿಡಿಯುವಂತಿಲ್ಲ, ಒಪ್ಪಿಗೆ ಯಾವುದು ಎಂದು ಬರೆದಿರುವ ಕಾನೂನು ನಿಮ್ಮದೇ ಎಂದರು. ಆಮೇಲೆ ತುಸು ತಗ್ಗಿದ ದನಿಯಲ್ಲಿ ಕೇಳಿದರು:

"ಈ ಆಸ್ಪತ್ರ್ಯಾಗ ಇದನ್ನ ಕಟಗೊಂಡು ಎಷ್ಟೋ ಮಂದಿ ಹೂಂ ಅಂದಾರ, ಎಷ್ಟೋ ಮಂದಿ ಬ್ಯಾಡ ಅಂದಾರ. ನಾವು ಹಂಗs ಮಾಡೇವಿ. ಅವರೊಳಗ ಯಾರು ಅಂದಾರ, ಯಾರು ಅಂದಿಲ್ಲ ಮೇಡಂ?"

ಆ ಮಂದಿಯಲ್ಲಿ ಕೆಲವರು ಈಗ ಇರಲಿಲ್ಲ. ಇಂಚರಾ ಎದ್ದಳು. ಸರ್ ಅವರನ್ನು ಮನೆಗೆ ಕಳಿಸುವುದನ್ನು ಒಂದು ದಿನ ಮುಂದೂಡಿ ಎಂದಷ್ಟೇ ಕೇಳಿಕೊಂಡಳು. ಡಾಕ್ಟರು ಒಪ್ಪಿದರು.

ಮಾಧುರಿಯವರು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಚಹದ ಲೋಟ ಮುಂದಿಟ್ಟುಕೊಂಡು ಕೂತಿದ್ದರು. ಇಂಚರಾ ಅವರನ್ನು ಚಿಕ್ಕಮ್ಮನೆಂಬಂತೆ ಕಾಕು ಎಂದು ಕರೆಯುತ್ತಿದ್ದಳು. ಪಿಎಚ್‌ಡಿ ಮಾಡುವಾಗ ಎಷ್ಟೋ ದಿನ ಅವರ ಮನೆಯಲ್ಲೇ ಉಂಡವಳು. ಹೇಗೆ ಶುರುಮಾಡುವುದೆಂದು ತಿಳಿಯದೆ, ತಂಬಿಗೆಯಿಂದಲೇ ಶುರುಮಾಡಿದಳು. ಹೇಳುತ್ತ ಹೋದಂತೆ ಮಾಧುರಿಯವರ ಮುಖ ಬಿಳಿಚುತ್ತ ಹೋಯಿತು. ಲೋಟದ ಚಹದ ಮೇಲೆ ಕೆನೆ ಕಟ್ಟಿತು.

"ಅಂದ್ರ ಎರಡು ವರ್ಷ ನಾ ಯಾರ ಜೋಡಿ ಮಾತಾಡೀನಿ?" ಎಂದರು ಕೊನೆಗೆ.

ಸರ್ ಮಾತೂ ಅದರಲ್ಲಿ ಇದ್ದಿರಬಹುದು, ಅವರು ಗಟ್ಟಿ ಇದ್ದ ದಿನಗಳಲ್ಲಿ ಮಿಡಿತ ಚೆನ್ನಾಗಿ ಸಿಕ್ಕಿರುತ್ತದೆ ಎಂದು ಇಂಚರಾ ಹೇಳತೊಡಗಿದಳು. ಮಾಧುರಿ ಕೈಯೆತ್ತಿ ತಡೆದರು. ಅವರಿಗೆ ಬೇಕಾದದ್ದು ಒಂದು ದಿನದ ಒಂದು ಮಾತು.

ಅವರಿಬ್ಬರೂ ಒಂದೇ ವರ್ಷ ಸಂಶೋಧನೆಗೆ ಸೇರಿದವರು. ಮದುವೆಯಾಯಿತು, ಮಗುವಾಯಿತು, ಮಾಧುರಿ ಅರ್ಧಕ್ಕೆ ಬಿಟ್ಟರು. ಪ್ರಸನ್ನರು ಮುಗಿಸಿದರು, ಹೆಸರು ಮಾಡಿದರು. ಲಿಫ್ಟಿನ ಗುಂಡಿಯ ಉದಾಹರಣೆ ಮೂಲತಃ ಮಾಧುರಿಯವರದು ಎಂಬುದು ಇಂಚರಾಳಿಗೂ ಅವತ್ತೇ ತಿಳಿದದ್ದು. ಆ ವಿಷಯವನ್ನು ಗಂಡ-ಹೆಂಡತಿ ಯಾವತ್ತೂ ಎತ್ತಿ ಆಡಿರಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ, ಔಷಧ ಕುಡಿಸುವಾಗ, ಮಾಧುರಿ ತಮಾಷೆಗೆಂಬಂತೆ ಆ ದಿನಗಳ ನೆನಪು ತೆಗೆದಿದ್ದರು. ಆಗ ಪಟ್ಟಿ ಹೇಳಿತ್ತು: ನೀನು ಬಿಟ್ಟದ್ದು ನನ್ನ ಸಲುವಾಗಿ. ಅದನ್ನು ನಾನು ಒಮ್ಮೆಯೂ ಹೇಳಲಿಲ್ಲ. ಕ್ಷಮಿಸು.

"ಆ ಮಾತು ಯಾರದು ಇಂಚರಾ?"

"ಹೇಳಾಕ ಬರೂದಿಲ್ಲ ಕಾಕು. ಅಷ್ಟು ಹಳೇ ಮಿಡಿತ ನಾವು ಉಳಿಸಿಡೂದಿಲ್ಲ."

"ನನ್ನ ಹಂತ್ಯಾಕ ಇದನ್ನ ಹೇಳಲಿಕ್ಕೆ ಯಾಕ ಬಂದಿ?" ಮಾಧುರಿಯವರ ದನಿ ಏರಲಿಲ್ಲ. "ಒಮ್ಮೆ ಹ್ವಾದ ಮನುಷ್ಯಾನ್ನ ತಂದುಕೊಟ್ಟಿ. ಈಗ ಮತ್ತ ಕಸಕೊಳ್ಳಲಿಕ್ಕೆ ಬಂದೀ ಏನು?"

ಅವರು ಎದ್ದು ಹೋದರು. ಇಂಚರಾ ಅಲ್ಲೇ ಕೂತಳು. ಸುತ್ತ ಜನ ಇಡ್ಲಿ ತಿನ್ನುತ್ತಿದ್ದರು, ಫೋನಿನಲ್ಲಿ ಮಾತನಾಡುತ್ತಿದ್ದರು. ಯಾವ ಮಾತೂ ಅವಳಿಗೆ ಮೊದಲಿನಂತೆ ಕೇಳಿಸಲಿಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಸಪಾಟು ಗೆರೆ ಕಾಣುತ್ತಿತ್ತು. ಸುಮ್ಮನಿದ್ದುಬಿಡಬಹುದಿತ್ತು ಎಂಬ ಯೋಚನೆ ಬಂತು. ಎಲ್ಲರೂ ಅವರದೇ ಎಂದು ನಂಬಿದ ಒಂದು ಘನವಾದ ಮಾತಿನ ಮೇಲೆ ಸರ್ ಹೋಗಿಬಿಡುತ್ತಿದ್ದರು. ಆ ಯೋಚನೆಗೆ ಹೆದರಿ ಅವಳು ಎದ್ದು ನಿಂತಳು.

ಮಧ್ಯಾಹ್ನ ಮಾಧುರಿಯವರೇ ಬಂದು ಅವಳ ಭುಜ ಮುಟ್ಟಿದರು. ಮುಖ ತೊಳೆದುಕೊಂಡಿದ್ದರು. ಆ ಪೂರಕವೋ ಏನೋ, ಅದನ್ನು ತೆಗೆದು ಅವರನ್ನೇ ಕೇಳು ಎಂದರು. ಹಾಗೆ ತೆಗೆದರೆ ಏನೂ ಕೇಳದೆಯೂ ಇರಬಹುದು ಎಂದು ಇಂಚರಾ ಎಚ್ಚರಿಸಿದಳು. ಮಾಧುರಿ ತಲೆಯಾಡಿಸಿದರು.

ವಿಭಾಗದಿಂದ ಬಂದ ಅಫ್ರೀನ್ ಪೂರಕವನ್ನು ನಿಲ್ಲಿಸಿದಳು. ಪಟ್ಟಿಯಿಂದ ಅದರ ದನಿ ಹೋಗಿ, ಬರೀ ಗಾಳಿಯ ಸದ್ದು ಉಳಿಯಿತು. ಇಂಚರಾ ಮಂಚದ ಬಳಿ ಬಾಗಿ, ಇನ್ನು ಮೇಲೆ ಯಂತ್ರ ಏನನ್ನೂ ಸೇರಿಸುವುದಿಲ್ಲ, ನೀವು ನೂಕಿದಷ್ಟೇ ಹೊರಗೆ ಬರುತ್ತದೆ, ಅವಸರವಿಲ್ಲ ಎಂದು ಸರ್‌ಗೆ ತಿಳಿಸಿದಳು. ಅವರ ಕಣ್ಣು ಅವಳ ಮುಖಕ್ಕೆ ಬಂತು. ಬಂದು ನಿಂತಿತು. ತರಗತಿಯಲ್ಲಿ ಅಂದು ಕಿಟಕಿಯಾಚೆ ನೆಟ್ಟಿದ್ದ ನೋಟ ಇದಾಗಿರಲಿಲ್ಲ.

ಮಾಧುರಿಯವರೇ ಕೇಳಿದರು. "ಆಪರೇಶನ್ ಬ್ಯಾಡ ಅಂದ್ರಿ. ಅದು ನೀವs ಅಂದದ್ದು ಹೌದೇನ್ರಿ? ಏನು ಅನ್ನಬೇಕಂತೀರಿ, ಈಗ ಅನ್ರಿ."

ಗಲಗಲಿಯವರ ಕೊರಳಿನ ನರ ಬಿಗಿಯಿತು. ಪಟ್ಟಿಯಿಂದ ಒಂದು ಗೊರಗೊರ ಬಂತು, ನಿಂತಿತು. ಮತ್ತೆ ಬಂತು. ಹಣೆಯ ಮೇಲೆ ಬೆವರು ಮೂಡಿತು. "ಅ" ಎಂಬಂತೆ ಏನೋ ಕೇಳಿಸಿತು. ಅಷ್ಟಕ್ಕೇ ಅವರು ಸೋತು ಕಣ್ಣು ಮುಚ್ಚಿದರು.

"ಆಗಲಿ ಅಂತಾರೇನ್ರಿ?" ಎಂದಳು ಅಫ್ರೀನ್. ಇಂಚರಾಳ ನಾಲಿಗೆಯ ತುದಿಗೂ ಅದೇ ಬಂದಿತ್ತು. ಆಗಲಿ, ಅನ್ನಬೇಕು, ಅಲ್ಲ. ಮಂಚದ ಸುತ್ತ ನಿಂತವರೆಲ್ಲ ಪೂರಕಗಳೇ ಆಗಿದ್ದರು. ಮಾಧುರಿ ಬೆರಳನ್ನು ತುಟಿಗೆ ಒತ್ತಿಕೊಂಡು ಅವರಿಬ್ಬರನ್ನೂ ಸುಮ್ಮನಾಗಿಸಿದರು.

ಕಾಯುವುದು ಇಷ್ಟು ಕಷ್ಟವೆಂದು ಇಂಚರಾಳಿಗೆ ಗೊತ್ತಿರಲಿಲ್ಲ. ತನ್ನ ವೃತ್ತಿಯ ಅರ್ಧ ಭಾಗ ಜನ ಯಂತ್ರಕ್ಕಾಗಿ ಕಾಯುವ ಹೊತ್ತನ್ನು ಕಡಿಮೆ ಮಾಡುವುದರಲ್ಲೇ ಕಳೆದಿತ್ತು. ಈಗ ಕೋಣೆಯಲ್ಲಿ ಫ್ಯಾನಿನ ಸದ್ದು, ಹೊರಗೆ ಸ್ಟ್ರೆಚರಿನ ಗಾಲಿಯ ಸದ್ದು, ನಡುವೆ ಆ ಗೊರಗೊರ. ಒಂದೊಂದು ಸಲವೂ ಅದು ಏಳುತ್ತಿತ್ತು, ಏನೋ ಆಗುವಂತೆ ತೋರುತ್ತಿತ್ತು, ಕುಸಿಯುತ್ತಿತ್ತು. ನಡುವೆ ಒಮ್ಮೆ ಡಾಕ್ಟರ್ ಶೀಲವಂತ ಬಾಗಿಲಲ್ಲಿ ಇಣುಕಿದರು. ಹೋಗಲು ತಿರುಗಿದವರು ಹೋಗಲಿಲ್ಲ. ಮೂಲೆಯ ಸ್ಟೂಲು ಎಳೆದುಕೊಂಡು ಕೂತರು.

ಬಿಸಿಲು ಕಿಟಕಿಯಿಂದ ಇಳಿದು ಗೋಡೆಗೆ ಬಂದಿತ್ತು. ಆಗ ಬಂತು.

"ಅಂ."

ಬಹಳ ಹೊತ್ತಿನ ಮೇಲೆ, "ಜಿ."

ಕೊನೆಯ ಅಕ್ಷರಕ್ಕೆ ಅವರು ಕುತ್ತಿಗೆಯನ್ನು ದಿಂಬಿನಿಂದ ಎತ್ತಲು ನೋಡಿದರು. "ಕಿ."

ಅಂಜಿಕಿ. ಅದು ವೇದಿಕೆಯ ಕನ್ನಡವಾಗಿರಲಿಲ್ಲ. ಎರಡು ವರ್ಷದಿಂದ ಪಟ್ಟಿ ಅವರ ಬಾಯಲ್ಲಿ ಭಾಷಣದ ಕನ್ನಡವನ್ನೇ ಆಡಿಸಿತ್ತು, ಅಡುಗೆಮನೆಯಲ್ಲಿ ಕೂಡ. ರೋಗ ಮನುಷ್ಯನನ್ನು ಮೆದು ಮಾಡಿದೆ, ತೂಕದ ಮಾತು ಕಲಿಸಿದೆ ಎಂದು ಬಂದವರೆಲ್ಲ ಹೇಳಿ ಹೋಗಿದ್ದರು. ಐವತ್ತರ ವಯಸ್ಸಿನಲ್ಲಿ, ಆರೋಗ್ಯವಾಗಿ, ಸಾವಿನ ಬಗ್ಗೆ ಸೊಗಸಾಗಿ ಮಾತನಾಡಿದ್ದ ಒಬ್ಬ ಗಲಗಲಿಯನ್ನು ಯಂತ್ರ ಕಾಪಿಟ್ಟುಕೊಂಡಿತ್ತು. ಎಪ್ಪತ್ತು ದಾಟಿ, ಹಾಸಿಗೆ ಹಿಡಿದು, ಅಂಜಿ ನಡುಗುತ್ತಿದ್ದ ಗಲಗಲಿಯ ಬಳಿ ಅದನ್ನು ಹೇಳಿಕೊಳ್ಳಲು ಒಂದು ಅಕ್ಷರವೂ ಇರಲಿಲ್ಲ. ಇದ್ದ ಒಂದು ಉಬ್ಬನ್ನೂ ಯಂತ್ರ ಸಾವಿಗೆ ಒಪ್ಪಿಗೆ ಎಂದು ಓದಿತ್ತು.

ಮಾಧುರಿ ಬಾಗಿ ಗಂಡನ ಕೆನ್ನೆಗೆ ಕೆನ್ನೆಯಿಟ್ಟರು. "ಅಂಜಿಕಿ ಆಗತದ್ರಿ. ನನಗೂ ಆಗತದ. ಬದಕಬೇಕು ಅನಸತದೇನು?"

"ಹೂಂ," ಎಂದಿತು ಪಟ್ಟಿ. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಡಾಕ್ಟರು ಸ್ಟೂಲಿನಿಂದ ಎದ್ದು ಬಂದು, ಅಪಾಯಗಳನ್ನು ಮೊದಲಿನಿಂದ ಮತ್ತೊಮ್ಮೆ, ನಿಧಾನವಾಗಿ ಹೇಳಿದರು. ತಾವೇ ಪ್ರಶ್ನೆ ಕೇಳಿ, ತಾವೇ ಕಾದರು. ಮತ್ತೊಂದು "ಹೂಂ" ಬಂತು. ಮುಂದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಎಂದು ನರ್ಸಿಗೆ ಹೇಳಿ ಹೊರಟರು. ಇಂಚರಾಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬಾಗಿಲು ಮುಚ್ಚುವ ಮುನ್ನ ಅವರು ಒಂದು ಕ್ಷಣ ಕಾರಿಡಾರಿನ ಉದ್ದಕ್ಕೂ, ಒಂದಾದ ಮೇಲೊಂದು ವಾರ್ಡಿನ ಕಡೆ ನೋಡಿದ್ದನ್ನು ಅವಳು ಕಂಡಿದ್ದಳು.

ಶಸ್ತ್ರಚಿಕಿತ್ಸೆ ನಡೆಯಿತು. ಅದರ ಮರುದಿನವೇ ರಕ್ತಸ್ರಾವವಾಗಿ ಅವರನ್ನು ಮತ್ತೆ ಒಳಗೆ ಒಯ್ಯಬೇಕಾಯಿತು. ಆ ಹೊತ್ತಿನಲ್ಲಿ ಇಂಚರಾ ಆಸ್ಪತ್ರೆಯ ಅಂಗಳದಲ್ಲಿ ಅತ್ತಿಂದಿತ್ತ ನಡೆದಳು. ಅವರು ಸತ್ತರೆ ತನ್ನ ಕೈಯಿಂದ ಎಂದುಕೊಂಡಳು, ಉಳಿದರೆ ಪಟ್ಟಿಯ ಮಾತು ನಂಬಿ ಹಿಂದೆ ಸತ್ತವರೆಲ್ಲ ತನ್ನ ಕೈಯಿಂದ ಎಂದುಕೊಂಡಳು. ಗಲಗಲಿ ಉಳಿದರು.

ಇಂಚರಾ ವರದಿ ಬರೆದು ಎಲ್ಲರ ಮುಂದಿಟ್ಟಳು. ಇಂಗಿತವನ್ನು ಇನ್ನಷ್ಟು ಜಿಲ್ಲೆಗಳಿಗೆ ಹಂಚಲು ಕರೆದಿದ್ದ ಸಭೆಯಲ್ಲಿಯೇ ತಂಬಿಗೆಗೆ ಪಟ್ಟಿ ಸುತ್ತಿ ತೋರಿಸಿದಳು. ಸಭೆ ಅಲ್ಲಿಗೇ ಮುಗಿಯಿತು. ವಿಭಾಗಕ್ಕೆ ಬರುತ್ತಿದ್ದ ಅನುದಾನ ನಿಂತಿತು, ಅಫ್ರೀನಳ ಸಂಶೋಧನೆ ಮೊದಲಿನಿಂದ ಶುರುವಾಗಬೇಕಾಯಿತು. ಸಹೋದ್ಯೋಗಿಗಳಲ್ಲಿ ಕೆಲವರು ಮಾತು ಬಿಟ್ಟರು. ಇಂಗಿತದ ಒಪ್ಪಿಗೆಯ ಮೇಲೆ ನಡೆದುಹೋದದ್ದನ್ನೆಲ್ಲ ಪರಿಶೀಲಿಸಲು ಸರ್ಕಾರ ಸಮಿತಿ ಮಾಡಿತು. ಹಳೆಯ ಮಿಡಿತಗಳನ್ನು ಯಾರೂ ಉಳಿಸಿರಲಿಲ್ಲವಾದ್ದರಿಂದ ಸಮಿತಿಗೆ ಹೇಳಲು ಹೆಚ್ಚೇನೂ ಸಿಗಲಿಲ್ಲ. ತಮ್ಮ ಅಪ್ಪನೋ ಅಮ್ಮನೋ ಕೊನೆಗೆ ಹೇಳಿದ್ದು ಏನು ಎಂದು ಕೇಳುವ ಕರೆಗಳು ಇಂಚರಾಳಿಗೆ ಬರುತ್ತಲೇ ಇದ್ದವು. ಗೊತ್ತಿಲ್ಲ ಎಂದು ಹೇಳುವುದಕ್ಕಾದರೂ ಅವಳು ಪ್ರತಿ ಕರೆಯನ್ನೂ ಎತ್ತುತ್ತಿದ್ದಳು.

ಆದರೂ ಅವಳು ಕೈಕಟ್ಟಿ ಕೂರಲಿಲ್ಲ. ವರ್ಷವಿಡೀ ಕೂತು ಪಟ್ಟಿಗೆ ಎರಡು ದನಿ ಕೊಟ್ಟಳು. ಗಂಟಲಿನ ಮಿಡಿತದಿಂದಲೇ ಬಂದ ಅಕ್ಷರ ರೋಗಿಯ ದನಿಯಲ್ಲಿ ಬರುತ್ತಿತ್ತು. ಪೂರಕ ಸೇರಿಸಿದ್ದು ಯಾರದೂ ಅಲ್ಲದ ಒಂದು ಬೋಳು ದನಿಯಲ್ಲಿ ಬರುತ್ತಿತ್ತು. ಕೇಳುವವರಿಗೆ ಯಾವುದು ಯಾರದೆಂದು ತಿಳಿಯಬೇಕು, ಅಷ್ಟೆ ಅವಳ ಉದ್ದೇಶ. ಹೊಸ ಪಟ್ಟಿಗಳು ಮನೆಗಳಿಗೆ ಹೋದವು. ಎರಡು ವರ್ಷ, ಮೂರು ವರ್ಷ ತಮ್ಮವರ ಜೊತೆ ಹರಟಿದ್ದ ಮಂದಿ ಮೊದಲ ಸಲ ಆ ಎರಡು ದನಿಗಳನ್ನು ಕೇಳಿದರು. ಬಹುಪಾಲು ಬೋಳು ದನಿಯೇ. ನಡುವೆ ಎಲ್ಲೋ ಒಂದು ಪ್ರೀತಿಯ ಅಕ್ಷರ, ನೀರಿನಿಂದ ಮೇಲೆ ಬಂದು ಮುಳುಗುವವನ ಕೈಯ ಹಾಗೆ.

ವಿಜಯಪುರದ ಒಬ್ಬ ಮಗ ವಿಭಾಗದವರೆಗೂ ಬಂದು, ಮೊದಲಿನದನ್ನೇ ಹಾಕಿಕೊಡಿ ಎಂದು ಜಗಳ ತೆಗೆದ. ತಾಯಿ ದಿನಾ ತನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದಳಂತೆ. ಈಗ ಆ ಹೆಸರು ಬೋಳು ದನಿಯಲ್ಲಿ ಬರುತ್ತಿತ್ತು. ಅವನೊಬ್ಬನೇ ಅಲ್ಲ. ಒತ್ತಡ ಹೆಚ್ಚಿ, ಕೊನೆಗೆ ಎರಡು ದನಿಯನ್ನು ಮನೆಯವರ ಇಷ್ಟಕ್ಕೆ ಬಿಡಲಾಯಿತು. ಆಸ್ಪತ್ರೆಯ ಒಪ್ಪಿಗೆಗೆ ಮಾತ್ರ ಕಡ್ಡಾಯ. ಮನೆಗಳಲ್ಲಿ ಹೆಚ್ಚಿನವರು ಅದನ್ನು ಬಂದ್ ಮಾಡಿ ಮೊದಲಿನ ಒಂದೇ ದನಿ ಇಟ್ಟುಕೊಂಡರು. ಅದರ ಅಂಕಿಅಂಶ ನೋಡಿದ ದಿನ ಇಂಚರಾ ಊಟ ಮಾಡಲಿಲ್ಲ.

ಮಾಧುರಿ ಪೂರಕವನ್ನು ತೆಗೆಸಿಯೇಬಿಟ್ಟರು. ಗಲಗಲಿಯವರು ಆಮೇಲೆ ಬದುಕಿದಷ್ಟು ಕಾಲ ದಿನಕ್ಕೊಂದೆರಡು ಮಾತು ಆಡಿದರು. ಚಾ. ಕಿಟಕಿ. ಸೆಖಿ. ಒಮ್ಮೊಮ್ಮೆ ಬೈಗುಳ. ಇಂಚರಾ ಹೋದಾಗ "ಇಂ" ಎಂದು ಶುರುಮಾಡಿ, ಅವಳು ಕೂತು ಕಾಯುವುದನ್ನು ನೋಡಿ, ಅರ್ಧಕ್ಕೆ ಬಿಟ್ಟು ಕಣ್ಣಲ್ಲೇ ನಗುತ್ತಿದ್ದರು.

ಅವರು ತೀರಿಕೊಂಡ ಮೇಲೆ ಒಂದು ಸಂಜೆ ಇಂಚರಾ ಕಾಕುವನ್ನು ಕೇಳಿದಳು, ಆ ಕ್ಷಮೆಯ ಮಾತು ಅವರದೇ ಹೌದೋ ಅಲ್ಲವೋ ಎಂದು ನೀವು ಸರ್‌ನ ಕೇಳಿದಿರಾ ಎಂದು. ಒಂದು "ಹೂಂ" ಸಾಕಾಗುತ್ತಿತ್ತು, ಅದನ್ನು ಅವರು ಸಲೀಸಾಗಿ ಹೇಳುತ್ತಿದ್ದರು.

ಮಾಧುರಿ ಒಣಗಿದ ಬಟ್ಟೆ ಮಡಚುತ್ತಿದ್ದರು. "ಕೇಳಲಿಲ್ಲ," ಎಂದರು. ಒಂದು ದುಪ್ಪಟಿಯನ್ನು ಅಂಚಿಗೆ ಅಂಚು ಹೊಂದಿಸಿ ಮಡಚಿ ಮುಗಿಸಿದರು. ಆಮೇಲೆ, "ಕೇಳಿದ್ರ ಖರೇ ಉತ್ತರ ಬರತಿತ್ತಲ್ಲ, ಅದಕ್ಕ," ಎಂದರು.

ಆ ವರ್ಷದ ಹೊಸ ತರಗತಿಗೆ ಇಂಚರಾ ಇಂಗಿತದ ಕತೆಯನ್ನೇ ಮೊದಲ ಪಾಠವಾಗಿ ಹೇಳಿದಳು. ಮುಗಿದ ಮೇಲೆ ಹಿಂದಿನ ಸಾಲಿನಿಂದ ಶಾಲ್ಮಲಿ ಎಂಬ ವಿದ್ಯಾರ್ಥಿನಿ, ಮನುಷ್ಯ ಆಡಬೇಕಾದ ಮಾತನ್ನು ಯಂತ್ರ ಮುಗಿಸಿಕೊಡುವುದು ಶುರುವಾದದ್ದು ನಿಮ್ಮ ಪಟ್ಟಿಯಿಂದಲೇ ಅಲ್ಲವೇ ಎಂದು ಕೇಳಿದಳು.

ಅಲ್ಲ ಎಂದಳು ಇಂಚರಾ. ತಾನು ಚಿಕ್ಕವಳಿದ್ದಾಗ, ಎರಡು ಸಾವಿರದ ಇಪ್ಪತ್ತರ ದಶಕದಲ್ಲಿ, ಎಲ್ಲರ ಅಂಗೈಯಲ್ಲಿ ಒಂದೊಂದು ಫೋನಿತ್ತು ಎಂದು ಹೇಳಿದಳು. ಅದರಲ್ಲಿ ಅಕ್ಷರಗಳ ಮೇಲ್ಗಡೆ ಮೂರು ಪದಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ಬರೆಯುವವರು ಯೋಚಿಸುವ ಮೊದಲೇ ಬರುತ್ತಿದ್ದವು. ಜನ ಅವುಗಳಲ್ಲಿ ಒಂದನ್ನು ಮುಟ್ಟಿ ಮುಂದೆ ಹೋಗುತ್ತಿದ್ದರು. ಮುಂದಿನ ದಿನಗಳಲ್ಲಿ ಇಡೀ ವಾಕ್ಯ, ಇಡೀ ಪತ್ರ ಬರತೊಡಗಿತು. ಹುಟ್ಟುಹಬ್ಬಕ್ಕೆ, ಮದುವೆಗೆ, ಸತ್ತವರ ಮನೆಗೆ ಸಮಾಧಾನ ಹೇಳುವುದಕ್ಕೆ. ಯಾರ ಕೊರಳಿಗೂ ಪಟ್ಟಿ ಇರಲಿಲ್ಲ, ಯಾರ ನಾಲಿಗೆಯೂ ಬಿದ್ದಿರಲಿಲ್ಲ. ಅವಸರವಿತ್ತು, ಅಷ್ಟೆ.

ಆ ಕಾಲದ ಪತ್ರಗಳೂ ಸಂದೇಶಗಳೂ ರಾಶಿರಾಶಿಯಾಗಿ ಉಳಿದಿರುವುದು ತರಗತಿಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಎಷ್ಟೋ ಮಂದಿಯ ಮನೆಯಲ್ಲಿ ಅಜ್ಜ ಅಜ್ಜಿಗೆ ಕಳಿಸಿದ ಮಾತುಗಳನ್ನು ಇಂದಿಗೂ ಜೋಪಾನವಾಗಿ ಇಟ್ಟಿದ್ದರು.

"ಹಂಗಾದ್ರ ಅದರಾಗ ಯಾವ ಮಾತು ಅವರದು, ಯಾವುದು ಫೋನಿಂದು ಅಂತ ಈಗ ಹೆಂಗ ತಿಳಕೊಳ್ಳೂದ್ರಿ ಮೇಡಂ?" ಎಂದಳು ಶಾಲ್ಮಲಿ.

"ಈಗ ಆಗೂದಿಲ್ಲ," ಎಂದಳು ಇಂಚರಾ. "ಅವರು ಬರೀತಿದ್ದಾಗs ಅವರನ್ನ ಯಾರರ ಕೇಳಬೇಕಿತ್ತು."